ಹಿಮದೂರಲ್ಲಿ ಬಿಳಿಗೆರೆಯವರಿಗೊಂದು ರೂಮು

ರೂಮು ಬುಕ್ ಮಾಡಿಕೊಡುವ ಕೆಲಸದಲ್ಲಿ ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದು ತಾನಾಗಿಯೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಫ್ಯಾನಿನ ಕೆಳಗೆ ಕೂತು, "ಒಂದು ಲೋಟ ನೀರು ಕೊಡವ್ವ" ಅನ್ನುತ್ತದೆ.

ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಸಣ್ಣ ಟ್ರಾವೆಲ್ಸ್ ಅಂಗಡಿ. ಧರ್ಮಸ್ಥಳ, ತಿರುಪತಿ, ಕಾಶಿಗೆ ಹೋಗುವವರೇ ಹೆಚ್ಚು. ಒಂದು ದಿನ ಬಿಳಿಗೆರೆ ಕಡೆಯ ತೆಂಗಿನ ತೋಟದ ಯಜಮಾನರೊಬ್ಬರು ಹೆಂಡತಿಯ ಜೊತೆ ಬಂದು, "ಹಿಮ ಇರೋ ಊರಲ್ಲಿ ಒಂದು ರೂಮು ನೋಡವ್ವ" ಅಂದರು.

"ಮನಾಲಿಲಾ ಯಜಮಾನ್ರೆ?"

"ಅಲ್ಲ. ಅದೇನೋ ಆಲ್ಪ್ಸ್ ಅಂತೆ."

ಅವರ ಹೆಂಡತಿ, ಆ ಅಮ್ಮನಿಗೆ, ಎರಡೂ ಮಂಡಿ ಆಪರೇಷನ್ ಆಗಿತ್ತು. ಬಹಳ ಕಾಲ ಮಂಚ ಬಿಟ್ಟು ಎದ್ದಿರಲಿಲ್ಲ. ಮಲಗಿದ್ದಲ್ಲೇ ಟೀವಿಯಲ್ಲಿ ಆಲ್ಪ್ಸ್ ಬೆಟ್ಟ ನೋಡಿ, "ಆ ಹಿಮನ ಒಂದ್ಸಲ ಕೈಯಲ್ಲಿ ಮುಟ್ಟಬೇಕು" ಅಂದಿದ್ದರಂತೆ. ಹೇಗಾದರೂ ಎದ್ದು ನಡೆಯಲಿ ಅಂತ ಯಜಮಾನರು, "ತೋಟದ ಕೊನೇ ಬದುವಿನವರೆಗೂ ಕೋಲಿಲ್ಲದೆ ಹೋಗಿ ಬಾ, ಕರ್ಕೊಂಡು ಹೋಗ್ತೀನಿ" ಅಂದುಬಿಟ್ಟಿದ್ದರು.

"ಹೋಗಿ ಬಂದ್ಬುಟ್ಟಳು ಕಣವ್ವ" ಅಂದರು ಯಜಮಾನರು. ಮಾತು ಸೋತವರದು, ಮುಖ ಮಾತ್ರ ಗೆದ್ದವರದು.

ಬಾಗಿಲು ಯಾವ ದಿಕ್ಕಿಗೆ?

ಕಂಪ್ಯೂಟರಿನಲ್ಲಿ ಫೋಟೋ ತೋರಿಸುತ್ತಾ ಹೋದೆ. ಯಜಮಾನರಿಗೆ ಯಾವುದೂ ಒಪ್ಪಿಗೆಯಾಗಲಿಲ್ಲ. ಗಾಜಿನ ದೊಡ್ಡ ಹೋಟೆಲು ತೋರಿಸಿದರೆ "ಇದು ಆಸ್ಪತ್ರೆ ಇದ್ದಂಗೈತೆ, ಇವಳಿಗೆ ಹಳೇದೆಲ್ಲ ಜ್ಞಾಪಕ ಬತ್ತದೆ" ಅಂದರು. ಕೊನೆಗೆ ಆಸ್ಟ್ರಿಯಾದ ಹಳ್ಳಿಯೊಂದರಲ್ಲಿ ಮರದ ಮನೆ ಸಿಕ್ಕಿತು. ಜಗಲಿಯ ತುಂಬ ಹೂವು, ಪಕ್ಕದಲ್ಲೇ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಹಸು. ಹಸು ನೋಡಿದ ಕೂಡಲೇ ಯಜಮಾನರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

"ಮನೆಯೇನೋ ಸರಿ. ಬಾಗಿಲು ಯಾವ ದಿಕ್ಕಿಗೈತೆ ಕೇಳು."

ಇಂಥ ಪ್ರಶ್ನೆಯನ್ನು ಅಲ್ಲಿಯವರಿಗೆ ಯಾರೂ ಕೇಳಿರಲಾರರು. ಆದರೂ ಬರೆದೆ. ಮನೆಯೊಡತಿಯ ಉತ್ತರ ಬಂತು: "ಬೆಟ್ಟದ ಕಡೆಗೆ."

ಯಜಮಾನರು, "ಬೆಟ್ಟ ಯಾವ ದಿಕ್ಕಿಗೈತೆ ಅಂತ ಕೇಳು" ಅಂದರು. ಕೇಳಿದೆ.

"ಎಲ್ಲಾ ದಿಕ್ಕಿಗೂ."

ಯಜಮಾನರು ಬೆರಳಲ್ಲಿ ದಿಕ್ಕು ಎಣಿಸಿ, "ಹಂಗಾದ್ರೆ ಪೂರ್ವಕ್ಕೂ ಐತೆ. ಹಾಕು" ಅಂದರು.

ಬಿಳೀ ಮುದ್ದೆ

ಬುಕ್ ಮಾಡುವಾಗ ಕಂಪ್ಯೂಟರು 'ಹಾಫ್ ಬೋರ್ಡ್' ಬೇಕಾ ಅಂತ ಕೇಳುತ್ತಿತ್ತು. ಬೆಳಗಿನ ತಿಂಡಿ, ರಾತ್ರಿ ಊಟ ಅವರೇ ಕೊಡುತ್ತಾರೆ, ಮಧ್ಯಾಹ್ನ ನಾವೇ ನೋಡಿಕೊಳ್ಳಬೇಕು ಅಂತ ವಿವರಿಸಿದೆ.

"ಮಧ್ಯಾಹ್ನ ಉಪವಾಸ ಕೆಡವೋರ ಮನೆಗೆ ನೆಂಟರು ಯಾಕೆ ಹೋಗಬೇಕು?" ಅಂದರು ಅಮ್ಮ. "ಒಲೆ ಐತಾ ಕೇಳವ್ವ. ನಾನೇ ಬೇಯಿಸ್ಕೋತೀನಿ."

ಒಲೆ ತೋರಿಸಲೆಂದು ಮನೆಯೊಡತಿ ವಿಡಿಯೋ ಕಾಲ್ ಮಾಡಿದರು. ಅಮ್ಮನ ವಯಸ್ಸಿನವರೇ, ಸೊಂಟಕ್ಕೆ ಏಪ್ರನ್ ಕಟ್ಟಿಕೊಂಡಿದ್ದರು. ಇಬ್ಬರ ನಡುವೆ ನನ್ನ ಕುಂಟು ಇಂಗ್ಲಿಷು. ಏನು ಅಡುಗೆ ಮಾಡುತ್ತೀರಿ ಅಂತ ಅವರು ಕೇಳಿದರು. ಅಮ್ಮ ನನ್ನ ಮಾತಿಗೆ ಕಾಯದೆ, ಎರಡೂ ಕೈಯಲ್ಲಿ ಗಾಳಿಯನ್ನೇ ಉಂಡೆ ಕಟ್ಟಿ ತೋರಿಸಿದರು. ಆಕೆ "ಓ" ಅಂದು ಒಳಗೆ ಓಡಿ, ಒಂದು ತಟ್ಟೆ ತಂದು ಹಿಡಿದರು. ತಟ್ಟೆಯಲ್ಲಿ ಹಬೆಯಾಡುವ ಎರಡು ಗುಂಡನೆಯ ಉಂಡೆ, ಪಕ್ಕದಲ್ಲಿ ಸಾರು. ಅವರ ಭಾಷೆಯಲ್ಲಿ ಅದಕ್ಕೆ ಏನೋ ಹೆಸರು ಹೇಳಿದರು, ನನ್ನ ನಾಲಿಗೆಗೆ ಸಿಗಲಿಲ್ಲ.

ಅಮ್ಮ ಫೋನಿನೊಳಗೇ ಇಣುಕುವವರ ಹಾಗೆ ನೋಡಿ, ನನ್ನ ಕಿವಿಯಲ್ಲಿ ಮೆಲ್ಲಗೆ ಅಂದರು: "ಮುದ್ದೆ ಬೆಳ್ಳಗೈತೆ. ಪಾಪ, ರಾಗಿ ಸಿಗಾಕಿಲ್ಲ ಅನ್ಸುತ್ತೆ. ಒಂದೆರಡು ಸೇರು ಹಿಟ್ಟು ತರ್ತೀನಿ ಅನ್ನು."

ಕೊಬ್ಬರಿ ಕೋಣೆ

ಅದೇ ಕರೆಯಲ್ಲಿ ಆಕೆ ಮನೆಯೆಲ್ಲ ಸುತ್ತಿ ತೋರಿಸಿದರು. ಹಿಂದುಗಡೆ ಕಿಟಕಿಯಿಲ್ಲದ ಮರದ ಕೋಣೆ, ಒಳಗೆ ಹಲಗೆ ಬೆಂಚು. "ಸೌನಾ" ಅಂದರು.

"ಅದೇನವ್ವ?" ಅಂದರು ಯಜಮಾನರು.

"ಬಾಗಿಲು ಹಾಕ್ಕೊಂಡು ಬಿಸೀಲಿ ಕೂರೋದು ಯಜಮಾನ್ರೆ. ಬೆವರಿ ಬೆವರಿ ಮೈನೀರೆಲ್ಲ ಹೋಗುತ್ತೆ."

ತೆಂಗಿನಕಾಯಿಯನ್ನು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗಿ ಅದು ಗಡಗಡ ಅಲ್ಲಾಡುವವರೆಗೆ ಕಾಯುವ ಮನುಷ್ಯ ಅವರು. ಆ ಕೋಣೆಯನ್ನೇ ದಿಟ್ಟಿಸಿ ನೋಡಿ, "ದುಡ್ಡು ಕೊಟ್ಟು ಅಲ್ಲಿಗೆ ಹೋಗಿ ನಾವು ಕೊಬ್ಬರಿ ಆಗಬೇಕಾ?" ಅಂದರು.

ಒಂದು ಮಂಚವೋ ಎರಡೋ

ಕೊನೆಯ ಪ್ರಶ್ನೆ: ಒಂದೇ ದೊಡ್ಡ ಮಂಚವೋ, ಬೇರೆಬೇರೆ ಎರಡೋ? ಅಂಗಡಿಯಲ್ಲಿ ಕಾಶಿ ಟಿಕೆಟ್ಟಿಗೆ ಬಂದ ಇಬ್ಬರು ಹೆಂಗಸರು ಕೂತಿದ್ದರು. ಯಜಮಾನರು ಗೋಡೆಯ ಕ್ಯಾಲೆಂಡರ್ ಕಡೆ ತಿರುಗಿ, "ಎರಡೇ ಇರ್ಲಿ ಬುಡು" ಅಂದರು, ಕೇಳಿಸಿಯೂ ಕೇಳಿಸದ ಹಾಗೆ.

ಅಮ್ಮ ನೇರವಾಗಿ ಹೇಳಿದರು: "ಒಂದೇ ಹಾಕವ್ವ. ಇವರು ಗೊರಕೆ ಹೊಡೆದ್ರೆ ನನ್ನ ಮೊಣಕೈಗೆ ಎಟುಕಬೇಕು."

ಕಾಶಿಯ ಹೆಂಗಸರಲ್ಲಿ ಒಬ್ಬಳು, "ನಮಗೂ ಹಂಗೇ ನೋಡವ್ವ, ನಮ್ಮ ಯಜಮಾನ್ರೂ ಬತ್ತಾರೆ" ಅಂದಳು.

ಎಟುಕದ ಹಿಮ

ಮೇ ತಿಂಗಳಲ್ಲಿ ಹೊರಟರು. ಚಳಿಗಾಲದಲ್ಲಿ ಹೋದರೆ ಹೆಜ್ಜೆ ಜಾರೀತು, ಆ ಮಂಡಿಗೆ ಅದು ಆಗದು ಅಂತ ನಾನೇ ಆ ತಿಂಗಳು ಹೇಳಿದ್ದೆ. ಊರಲ್ಲಿ ಹಿಮ ಇಲ್ಲದಿದ್ದರೂ ರೋಪ್‌ವೇಯಲ್ಲಿ ಬೆಟ್ಟದ ಮೇಲೆ ಹೋದರೆ ಖಂಡಿತ ಇರುತ್ತದೆ ಅಂತ ಮನೆಯೊಡತಿ ಮಾತು ಕೊಟ್ಟಿದ್ದರು.

ಹೋದ ಮರುದಿನ ಅಮ್ಮನ ಫೋನು. "ರೂಮು ಚೆನ್ನಾಗೈತೆ ಕಣವ್ವ. ಹಸೂನೂ ನೋಡಿದ್ವಿ, ಕೊರಳಲ್ಲಿ ದೊಡ್ಡ ಗಂಟೆ. ಆದ್ರೆ ಗಾಳಿ ಜಾಸ್ತಿ ಅಂತ ಆ ತೂಗುಪೆಟ್ಟಿಗೆ ನಿಲ್ಲಿಸವ್ರೆ. ಹಿಮ ಕಣ್ಣಿಗೆ ಕಾಣ್ತದೆ, ಕೈಗೆ ಇಲ್ಲ. ನಮ್ಮ ತೆಂಗಿನಕಾಯಿ ಇದ್ದಂಗೆ, ಮೇಲೈತೆ."

ಹಿಂದಿನಿಂದ ಯಜಮಾನರ ದನಿ: "ಕೀಳೋರು ಬರಲಿಲ್ಲ ಅಂತ ಹೇಳು."

ಅಮ್ಮ ನಕ್ಕರು. ನನಗೆ ನಗು ಬರಲಿಲ್ಲ. ಮಾರನೆಯ ದಿನವೂ ಗಾಳಿ ನಿಲ್ಲಲಿಲ್ಲ. ಅಷ್ಟು ಆಸೆಪಟ್ಟು ಹೋದವರು ಬೆಟ್ಟದ ಬುಡದಿಂದಲೇ ವಾಪಸ್ಸು ಬಂದರೆ ಯಾವ ಮುಖ ಹೊತ್ತು ಮಾತಾಡಿಸಲಿ ಅಂತ ಅನ್ನ ಸೇರಲಿಲ್ಲ. ಅಲ್ಲಿ ಉಳಿದಿದ್ದು ಒಂದೇ ದಿನ. ಅದರ ಮಾರನೆಯ ದಿನಕ್ಕೆ ದೊಡ್ಡ ಪಟ್ಟಣದಲ್ಲಿ ರೂಮು, ಅರಮನೆ ನೋಡಲು ಬಸ್ಸು, ಎಲ್ಲ ಬುಕ್ ಆಗಿತ್ತು.

ಆ ಕೊನೆಯ ದಿನ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ಪರದೆಯ ತುಂಬ ಬಿಳುಪು; ಗಾಳಿ ನಿಂತು ತೂಗುಪೆಟ್ಟಿಗೆ ಹೊರಟಿತ್ತು. ನಡುವೆ ಅಮ್ಮ, ಸೀರೆಯ ಮೇಲೆ ಉಣ್ಣೆ ಕೋಟು, ಕಾಲಿಗೆ ಮನೆಯೊಡತಿಯ ಬೂಟು. ನಿಧಾನಕ್ಕೆ ಬಗ್ಗಿ, ಎರಡೂ ಕೈಯಲ್ಲಿ ಹಿಮ ಎತ್ತಿ ಕಣ್ಣಿಗೊತ್ತಿಕೊಂಡರು. ಅಂಗಡಿಯಲ್ಲಿ ಕೂತ ನನ್ನ ಕಣ್ಣೂ ಮಂಜಾಯಿತು.

"ಸಾಕು ಬುಡು, ಕೈ ಮರಗಟ್ಟುತ್ತೆ" ಅಂದರು ಫೋನ್ ಹಿಡಿದಿದ್ದ ಯಜಮಾನರು.

ಅಮ್ಮ ಬಿಡಲಿಲ್ಲ. ಅದನ್ನೇ ಉಂಡೆ ಕಟ್ಟಿ, ಗುರಿ ನೋಡಿ ಬೀಸಿದರು. ಫೋನು ಕೆಳಗೆ ಬಿತ್ತು. ಆಮೇಲೆ ನನಗೆ ಕಂಡಿದ್ದು ಆಕಾಶ, ಕೇಳಿಸಿದ್ದು ಧಪ್ ಧಪ್ ಸದ್ದು ಮತ್ತು ಇಬ್ಬರ ನಗು. ಎಷ್ಟೋ ಹೊತ್ತಿಗೆ ಯಜಮಾನರ ಮುಖ ಬಂತು. ಮೀಸೆಯೆಲ್ಲ ಹಿಮ, ಬಾಯಲ್ಲಿ ಏದುಸಿರು.

"ಅವ್ವ, ನಾಳೆ ಪಟ್ಟಣದ ರೂಮು ಕ್ಯಾನ್ಸಲ್ ಮಾಡು. ಇಲ್ಲೇ ಇನ್ನೊಂದು ದಿನ ಹಾಕು."

"ಅರಮನೆ ನೋಡೋದಿತ್ತಲ್ಲ ಯಜಮಾನ್ರೆ?"

"ಅರಮನೆ ಮೈಸೂರಲ್ಲೂ ಐತೆ ಕಣವ್ವ. ಇವಳು ಮೂರು ಹೊಡೆದವಳೆ. ನಾನು ಎಸೆದಿದ್ದು ಇನ್ನೂ ಒಂದೂ ತಗುಲಿಲ್ಲ."