ಹುಬ್ಬಳ್ಳಿ ಬಸ್ಸಿನಲ್ಲಿ ಬಂದ ನೀರು

ನಿಮ್ಮ ಅಜ್ಜ ಜೀವಮಾನದಲ್ಲಿ ಮಾಡಿದ್ದು ಒಂದೇ ಒಂದು ಬಾಣಂತನ. ಅದೂ ಮೀನಿಗೆ! ನಗಬೇಡಿ ಮಕ್ಕಳೇ, ನಾನು ಕಣ್ಣಾರೆ ಕಂಡದ್ದು. ಚಹಾ ಸೋಸುವ ನನ್ನ ಜಾಳಿಗೆ ಅವತ್ತು ಅಡುಗೆಮನೆ ಬಿಟ್ಟು ಹೋದದ್ದು ತಿರುಗಿ ಬರಲೇ ಇಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಾಯಲ್ಲೇ ಒಮ್ಮೆಯೂ ಹೇಳದವಳು ಕಾಗದದ ಮೇಲೆ ಹೇಳುತ್ತೇನೆಯೇ? ಕುಮಟಾ ಘಟ್ಟ ಹತ್ತಿ ಇಳಿಯುವ ಬಸ್ಸಿಗೆ ಕಂಡಕ್ಟರ್ ಆಗಿದ್ದವರು. ನಿವೃತ್ತರಾದಾಗ ಚೀಲ ಹೋಯಿತು, ಖಾಕಿ ಅಂಗಿ ಹೋಯಿತು, ಸೀಟಿ ಮಾತ್ರ ಕೊರಳಲ್ಲೇ ಉಳಿಯಿತು. ಶಿರಸಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ನಮ್ಮ ಪುಟ್ಟ ಮನೆಯನ್ನೂ ಅವರು ಬಸ್ಸಿನ ಹಾಗೆಯೇ ಓಡಿಸಿದರು. ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ಚಹಾ ಬೇಕಾದರೆ ಒಂದು, ಕುಡಿದು ಲೋಟ ಕೆಳಗಿಟ್ಟರೆ ಎರಡು! ಬಂದ ನೆಂಟರು ಕತ್ತಲಾದರೂ ಏಳದಿದ್ದರೆ... ಬೇಡ, ಆ ನೆಂಟರ ಮೊಮ್ಮಕ್ಕಳೂ ಇದನ್ನು ಓದಿಯಾರು.

ಮೀನು ಬಂದದ್ದು ನಿಮ್ಮಲ್ಲಿ ಹಿರಿಯವಳಿಂದ. ಹುಬ್ಬಳ್ಳಿಯಲ್ಲಿ ನನ್ನ ಮಗಳು, ಅಂದರೆ ನಿಮ್ಮಮ್ಮ, ಮನೆ ಬದಲಿಸುತ್ತಿದ್ದ ಸಮಯ. ಹೊಸ ಮನೆಯ ಬಣ್ಣದ ವಾಸನೆಗೆ ಮೀನುಗಳು ಸತ್ತಾವು ಎಂದು ಗಾಜಿನ ತೊಟ್ಟಿಯನ್ನೇ ಇಲ್ಲಿಗೆ ತಂದು, ನಮ್ಮ ಬಾವಿಯ ನೀರು ತುಂಬಿಸಿಟ್ಟಳು ಪೋರಿ. ಗಪ್ಪಿ ಮೀನುಗಳಂತೆ. ಮೊಟ್ಟೆ ಇಡುವುದಿಲ್ಲ, ನಮ್ಮ ಹಾಗೆ ಬಸುರಾಗಿ ಮರಿಯನ್ನೇ ಹೆರುವ ಜಾತಿ.

"ಅಜ್ಜ, ದಸರಾ ರಜೆಗೆ ಬಂದು ಒಯ್ತೆ. ಒಂದೂ ಸಾಯಲಾಗ, ಹಾಂ?"

"ನನ್ನ ಬಸ್ಸು ಹತ್ತಿದವು ಯಾರೂ ಇಲ್ಲಿವರೆಗೆ ದಾರಿ ಮೇಲೆ ಸತ್ತಿದ್ವಿಲ್ಲೆ, ತಂಗಿ!" ಎಂದು ಮಾತು ಕೊಟ್ಟೇಬಿಟ್ಟರು.

ಎದುರುಮನೆಯಾಕೆ "ಭಟ್ರ ಮನೆಗೆ ಮೀನು ಬಂತಡ!" ಎಂದು ಓಣಿ ತುಂಬ ಸಾರಿದಳು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಆದರೆ ವಾರ ಕಳೆಯುವುದರೊಳಗೆ ಒಂದು ಮೀನು ರೆಕ್ಕೆ ಮಡಚಿಕೊಂಡು ಮೂಲೆಯಲ್ಲಿ ನಿಂತು ಗಡಗಡ ನಡುಗಿತು. ಮರುದಿನ ತೇಲಿತು. ಅದರ ಹಿಂದೆಯೇ ಮತ್ತೊಂದು. ಮೈಮೇಲೆ ಗಾಯವಿಲ್ಲ, ಮಚ್ಚೆಯಿಲ್ಲ. ಏಕೆ ಸತ್ತವು?

ನೀರು ಕೊಳಕಾಗಿರಬೇಕು ಎಂದು ತೀರ್ಮಾನವಾಯಿತು. ಅಂದಿನಿಂದ ಬೆಳಿಗ್ಗೆ ಸ್ನಾನ ಮಾಡಿ, ಮಡಿಯುಟ್ಟು, ಬಾವಿಯಿಂದ ಹೊಸ ನೀರು ಸೇದಿ ಮೊದಲು ಮೀನಿಗೆ, ಆಮೇಲೆ ದೇವರಿಗೆ! ನಮ್ಮ ಬಾವಿಯ ನೀರು ನಿಮಗೇ ಗೊತ್ತಲ್ಲ. ಸೋಪು ಮುಟ್ಟಿದರೆ ಸಾಕು, ನೊರೆ ತೊಳೆದು ಮುಗಿಯುವುದಿಲ್ಲ. "ಇಂಥ ನೀರು ಹುಬ್ಬಳ್ಳಿಯವು ಕನಸಲ್ಲೂ ಕಂಡಿದ್ವಿಲ್ಲೆ, ಕುಡಿರೋ!" ಎಂದು ಉಪಚಾರ ಬೇರೆ. ಕುಡಿದವು. ಮೊದಲಿಗಿಂತ ಬೇಗ ಬೇಗ ಸತ್ತವು.

ಪೇಟೆಯ ಮೀನಿನಂಗಡಿಯವನು ನೀಲಿ ಔಷಧ ಕೊಟ್ಟು, "ಒಂದೆರಡು ಹನಿ ಸಾಕು ಭಟ್ರೇ" ಎಂದಿದ್ದ. ನಿಮ್ಮ ಅಜ್ಜ ಹನಿ ಹಾಕುವ ಪೈಕಿಯೇ? ಮುಚ್ಚಳ ತುಂಬ ಸುರಿದರು. ತೊಟ್ಟಿ ನೀಲಿ, ಕೈ ನೀಲಿ, ಪಂಚೆ ನೀಲಿ, ಮೂಗು ಒರೆಸಿಕೊಂಡದ್ದಕ್ಕೆ ಮೂಗೂ ನೀಲಿ! ಎದುರುಮನೆಯಾಕೆ ಬೇಲಿಯ ಮೇಲಿಂದ ಇಣುಕಿ, "ಇವತ್ತು ಎಲ್ಲಿ ಯಕ್ಷಗಾನ? ಕೃಷ್ಣನ ವೇಷ ಅಡ್ಡಿಲ್ಲೆ!" ಎಂದಳು.

ನಾನೂ ಸುಮ್ಮನಿರಲಿಲ್ಲ. ಅವಳದೇ ದೃಷ್ಟಿ ಎಂದು ಒಣಮೆಣಸು ನಿವಾಳಿಸಿ ಬಚ್ಚಲ ಒಲೆಗೆ ಹಾಕಿದೆ. ಮೀನುಗಳಿಗೆ ಏನೂ ಆಗಲಿಲ್ಲ. ಇವರು ಮಾತ್ರ ಊಟದ ಹೊತ್ತಿನವರೆಗೆ ಕೆಮ್ಮಿದರು.

ಕೊನೆಗೆ ಉಳಿದದ್ದು ಒಂದೇ ಮೀನು. ಬೂದು ಮೈಯ, ತುಂಬು ಬಸುರಿ. ಆ ಹೊತ್ತಿಗೇ ಮೊಮ್ಮಗಳ ವಿಡಿಯೋ ಕರೆ ಬರಬೇಕೇ! ಇವರು ಫೋನು ಹಿಡಿದು ತೊಟ್ಟಿಗೆ ಪ್ರದಕ್ಷಿಣೆ ಬಂದರು. ಎಡಗಡೆಯಿಂದ, "ನೋಡು, ಇದು ದೊಡ್ಡದು." ಬಲಗಡೆಯಿಂದ, "ಇದು ಅದ್ರ ತಂಗಿ." ಹಿಂದಿನಿಂದ, "ಇದು ಸ್ವಲ್ಪ ನಾಚಿಕೆದು."

"ಅಜ್ಜ, ಎಲ್ಲದಕ್ಕೂ ಹೊಟ್ಟೆ ದೊಡ್ಡ ಇದ್ದಲೋ!" ಎಂದಳು ಅವಳು.

ಕರೆ ಮುಗಿದ ಮೇಲೆ ಅವರು ಸೀಟಿ ಊದಲಿಲ್ಲ. ಚಹಾ ನಾನಾಗಿಯೇ ಒಯ್ದು ಕೊಟ್ಟೆ. "ಇದೊಂದು ಹೋದ್ರೆ ಕೂಸಿಗೆ ಎಂತ ಹೇಳದು?" ಎಂದರು. ತೊಟ್ಟಿಯೊಳಗೆ ಬಸುರಿ ರೆಕ್ಕೆ ಮಡಚಿಕೊಂಡು ಮೂಲೆ ಹಿಡಿದಿತ್ತು. ಬಹಳ ಹೊತ್ತು ಅದನ್ನೇ ನೋಡಿ, ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿದರು.

"ಅಲ್ದೇ, ಬಸುರಿಗೆ ಬಯಕೆ ಎಂತ ಇರ್ತು?"

"ಮೂರು ಹೆತ್ತವಳ ಹತ್ರ ಈಗ ಕೇಳದಾ?"

"ಈಗಾದ್ರೂ ಕೇಳಿದ್ನಲೇ ಮಾರಾಯ್ತಿ! ನಿಂಗೆ ಎಂತ ಬೇಕು ಹೇಳಿ ಆಗ್ತಿತ್ತು?"

ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ. "ತವರ ಬಾವಿ ನೀರು." ನನ್ನ ತವರು ಕುಮಟಾ ಕಡೆ, ಸಮುದ್ರದ ಹತ್ತಿರ. ಅಲ್ಲಿಯ ನೀರಿಗೆ ಒಂದು ನಮೂನೆ ಉಪ್ಪುಪ್ಪು ರುಚಿ. ಘಟ್ಟ ಹತ್ತಿ ಬಂದ ಹೊಸದರಲ್ಲಿ ಈ ಊರಿನ ಸಿಹಿನೀರು ಎಷ್ಟು ಕುಡಿದರೂ ನನಗೆ ಬಾಯಾರಿಕೆ ಹೋಗುತ್ತಿರಲಿಲ್ಲ.

ಲೋಟ ಹಿಡಿದೇ ಎದ್ದು ನಿಂತರು. "ಇದ್ರ ತವರು ಹುಬ್ಬಳ್ಳಿ ಅಲ್ದನೇ!"

ನನಗೂ ಆಗ ಹೊಳೆಯಿತು. ಮಗಳ ಮನೆಯಲ್ಲಿ ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಹೆಕ್ಕಳೆ ಕಟ್ಟುತ್ತದೆ, ಬೇಳೆ ಬೇಯುವುದಿಲ್ಲ, ಸೋಪು ನೊರೆಯಾಗುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರು. ಅದರಲ್ಲಿ ಹುಟ್ಟಿ ಬೆಳೆದ ಜೀವಕ್ಕೆ ನಮ್ಮ ಬಾವಿಯ ಅಮೃತವನ್ನು ದಿನಾ ಸುರಿದು ಸುರಿದು ಕೊಂದಿದ್ದೆವು!

"ಅಪ್ಪಯ್ಯ, ಇಲ್ಲಿ ನಂಗಕ್ಕೇ ನೀರು ಸಾಲ್ತಿಲ್ಲೆ!" ಎಂದು ಮಗಳು ಫೋನಿನಲ್ಲಿ ಕೂಗಿದರೂ ಮರುದಿನವೇ ಅಲ್ಲಿಂದ ನೀರು ತುಂಬಿದ ಕ್ಯಾನು ಬಸ್ಸು ಹತ್ತಿತು. ಇಳಿಸಿಕೊಟ್ಟ ಹುಬ್ಬಳ್ಳಿ ಕಡೆಯ ಕಂಡಕ್ಟರ್, "ಭಟ್ರ, ಈ ಪ್ಯಾಸೆಂಜರ್‌ಗೆ ಹಾಫ್ ಟಿಕೆಟ್ ಹರೀಬೇಕೋ, ಫುಲ್ ಹರೀಬೇಕೋ ಹೇಳ್ರಿ!" ಎಂದನಂತೆ. ಶಿರಸಿಗೆ ಹುಬ್ಬಳ್ಳಿಯಿಂದ ಕುಡಿಯುವ ನೀರು! ಬಸ್ ಸ್ಟ್ಯಾಂಡಿಗೆ ಬಸ್ ಸ್ಟ್ಯಾಂಡೇ ನಕ್ಕಿತು. ಇವರು ಮಾತ್ರ ಕ್ಯಾನನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದರು.

ಆ ನೀರನ್ನು ಲೋಟ ಲೋಟವಾಗಿ ಬೆರೆಸುತ್ತ ಬಂದಂತೆ ಬಸುರಿಯ ರೆಕ್ಕೆ ಬಿಚ್ಚಿತು. ಮೂಲೆ ಬಿಟ್ಟು ತೊಟ್ಟಿ ತುಂಬ ಓಡಾಡಿತು. ಒಂದು ಬೆಳಿಗ್ಗೆ ಕಣ್ಣು ಮಾತ್ರ ಕಾಣುವಂಥ ಸಾಸಿವೆಯಷ್ಟು ಮರಿಗಳು!

"ಬಾರೇ ಇಲ್ಲಿ! ತಾಯಿಯೇ ಮರಿ ತಿಂತಾ ಇದ್ದು!"

ನನ್ನ ಜಾಳಿಗೆಗೆ ಶನಿ ಹಿಡಿದದ್ದು ಆಗ. ಅದರಿಂದ ಮರಿಗಳನ್ನು ಮೆಲ್ಲಗೆ ಎತ್ತಿ, ಬೇರೆ ಭರಣಿಗೆ ಬಿಟ್ಟು, ಬಾಣಂತಿಗೆ ಬೆಳಕು ಬೀಳದಂತೆ ತೊಟ್ಟಿಗೆ ನನ್ನ ಸೀರೆ ಹೊದಿಸಿದರು. ಹೆರಿಗೆಯಾದ ಮನೆಗೆ ಅಮೆ, ದೇವರನ್ನು ಮುಟ್ಟುವಂತಿಲ್ಲ ಎಂದು ಪೂಜೆಯನ್ನೂ ಬಿಟ್ಟರು. ಪೂಜೆ ತಪ್ಪಿಸಿಕೊಳ್ಳಲು ಅಂಥವರಿಗೆ ನೆಪ ಹುಡುಕಿಕೊಡಬೇಕೇ?

ದಸರಾಕ್ಕೆ ಬಂದ ಮೊಮ್ಮಗಳು ತೊಟ್ಟಿಗೆ ಮೂಗು ಒತ್ತಿ, "ಅಜ್ಜ, ಇವು ನನ್ನ ಮೀನಲ್ಲ" ಎಂದಳು.

"ನಿನ್ನ ಮೀನಿನ ಮಕ್ಕ. ಕೊಟ್ಟದ್ರಲ್ಲಿ ಇವುಗಳ ತಾಯಿ ಒಂದು ಬಿಟ್ಟು ಉಳ್ಸಲೆ ಆಯ್ದಿಲ್ಲೆ, ತಂಗಿ" ಎಂದರು. ತಲೆ ತಗ್ಗಿತ್ತು. ಅವಳು ಅವರ ಮುಖ ನೋಡಿದಳು, ಮರಿಗಳನ್ನು ನೋಡಿದಳು. "ಹಂಗಾದ್ರೆ ಅರ್ಧ ನಿಂಗೆ" ಎಂದಳು.

ಆ ಅರ್ಧದ ಸಂತಾನ ಈಗಲೂ ಜಗುಲಿಯಲ್ಲಿದೆ. ಕ್ಯಾನು ತರುವುದು ನಿಂತಿತು. ಕಪ್ಪೆಚಿಪ್ಪು ಹಾಕಿಟ್ಟರೆ ನಮ್ಮ ನೀರೂ ಗಡಸಾಗುತ್ತದೆ ಎಂದು ಯಾರೋ ಹೇಳಿದ್ದೇ ತಡ, ನನ್ನ ತವರಿನ ದಂಡೆಗೇ ಹೋಗಿ ಚೀಲ ತುಂಬ ಆರಿಸಿ ತಂದರು. ಮೀನುಗಳ ಊಟಕ್ಕೂ ಸೀಟಿ. ಒಂದು ಊದಿದರೆ ಎಲ್ಲವೂ ಗಾಜಿನ ಮುಂದೆ ಹಾಜರು!

ಬಾಣಂತನ ಒಂದೇ ಎಂದೆನಲ್ಲ, ಅದು ಪೂರ್ತಿ ನಿಜವಲ್ಲ ಮಕ್ಕಳೇ. ನನ್ನ ಮೂರು ಹೆರಿಗೆಯೂ ತವರಿನಲ್ಲಿ. ಇವರಿಗೆ ರಜೆ ಸಿಗುತ್ತಿರಲಿಲ್ಲ. ಆದರೆ ಇವರ ಬಸ್ಸು ನಮ್ಮ ತವರಿನ ಮುಂದಿನ ರಸ್ತೆಯಲ್ಲೇ ಹಾಯಬೇಕು. ಅಲ್ಲಿ ಒಂದು ಸೀಟಿ ಕೇಳುತ್ತಿತ್ತು. ಬಸ್ಸು ನಿಲ್ಲುತ್ತಿತ್ತು. "ಯಾರ್ರೀ ಇಳಿಯೋರು?" ಎಂದು ಜನ ಗೊಣಗುತ್ತಿದ್ದರು. ಯಾರೂ ಇಳಿಯುತ್ತಿರಲಿಲ್ಲ. ಒಳಗಿನ ಕತ್ತಲೆ ಕೋಣೆಯಲ್ಲಿ ನಾನು ಮಗುವನ್ನು ಎದೆಗೊತ್ತಿಕೊಂಡು ಕೇಳುತ್ತಿದ್ದೆ. ಸ್ವಲ್ಪ ತಡೆದು, ಎರಡು ಸೀಟಿ. ಆ ವಿಷಯ ಅವರೂ ಎಂದೂ ಆಡಲಿಲ್ಲ, ನಾನೂ ಆಡಲಿಲ್ಲ.

ಅವರು ಹೋದಂದಿನಿಂದ ಆ ಸೀಟಿ ತೊಟ್ಟಿಯ ಮೇಲಿನ ಮೊಳೆಯಲ್ಲಿದೆ. ಊದಲು ನನಗೆ ನಾಚಿಕೆ. ಊದುವ ಅಗತ್ಯವೂ ಬೀಳುವುದಿಲ್ಲ. ಗಾಳಿ ಈ ಕಡೆ ಬೀಸಿದಾಗ ಬಸ್ ಸ್ಟ್ಯಾಂಡಿನಿಂದ ಒಂದು ಸೀಟಿ ಕೇಳಿಸುತ್ತದೆ. ಮೀನುಗಳು ಗಾಜಿನ ಮುಂದೆ ಬಂದು ನಿಲ್ಲುತ್ತವೆ. ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ.

ಎರಡು ಸೀಟಿ ಕೇಳಿದ ಮೇಲೆ ಒಳಗೆ ಬಂದು, ಅವಕ್ಕೆ ಊಟ ಹಾಕುತ್ತೇನೆ.