ಕೆಳಗೆ ‘ಕೃಪಾ’ ಎಂದು ಬರೆಯಿರಿ

ಚೌಕಾಸಿ ಮಾಡಲು ಬಾರದವರು ಶಿಕ್ಷಕರಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮಕ್ಕಳ ಜೊತೆ ದಿನವಿಡೀ ನಾವು ಮಾಡುವುದಾದರೂ ಏನು? ನಾನು ಹತ್ತು ಪ್ರಶ್ನೆ ಎನ್ನುತ್ತೇನೆ, ಅವರು ಐದು ಎನ್ನುತ್ತಾರೆ, ಏಳಕ್ಕೆ ವ್ಯವಹಾರ ಮುಗಿಯುತ್ತದೆ. ಮೇಲವಂಕಿಯಲ್ಲಿ ಹುಟ್ಟಿ, ಅವ್ವನ ಜೊತೆ ಸಂತೆಯಲ್ಲಿ ಬದನೆಕಾಯಿ ಮಾರುತ್ತ ಓದಿದವಳು ನಾನು. ಈಗ ಮೂಡಲಗಿಯ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಗೋಕಾಕಿನಲ್ಲಿ. ಮೊದಲು ಹೇಳಿದ ದರಕ್ಕೇ ನನಗೆ ಏನನ್ನಾದರೂ ಮಾರಿದ ವ್ಯಾಪಾರಿ ಈ ಎರಡು ಊರುಗಳ ನಡುವೆ ಇನ್ನೂ ಹುಟ್ಟಿಲ್ಲ. ಹೀಗಿರುವಾಗ, ಮಕ್ಕಳಿಗೆ ಕೃತಿಚೌರ್ಯದ ಬಗ್ಗೆ ತಿಳಿವಳಿಕೆ ಕೊಡುವಂಥ ಸಣ್ಣ ಕೆಲಸ ನನಗೆ ಯಾವ ಲೆಕ್ಕ ಎಂದುಕೊಂಡಿದ್ದೆ.

ಕೃತಿಚೌರ್ಯವೆಂದರೆ ಇನ್ನೊಬ್ಬರು ಬರೆದದ್ದನ್ನು ಕದ್ದು ತನ್ನದೆನ್ನುವುದು. ನಮ್ಮ ಶಾಲೆಯಲ್ಲಿ ಅದಕ್ಕೆ ಹೋಮ್‌ವರ್ಕ್ ಎನ್ನುತ್ತಾರೆ.

ಹುಕ್ಕೇರಿಯಲ್ಲಿ ವರ್ಷಕ್ಕೊಮ್ಮೆ ಶಾಲಾಮಕ್ಕಳ ಪ್ರಬಂಧ ಸ್ಪರ್ಧೆ ನಡೆಯುತ್ತದೆ. ಹೋದ ವರ್ಷದ ವಿಷಯ ‘ನನ್ನ ಅಜ್ಜಿ’. ಆಗಿನ ಹತ್ತನೆಯ ತರಗತಿಯವರೆಲ್ಲ ಮೊಬೈಲ್ ನೋಡಿ ಬರೆದರು. ಇಡೀ ತರಗತಿಗೆ ಒಬ್ಬಳೇ ಅಜ್ಜಿ! ಜೋಳದ ರೊಟ್ಟಿ ಬಡಿಯುವ ಸೀಮೆಯ ಅಜ್ಜಿಯರೆಲ್ಲ ಒಟ್ಟಿಗೆ ಅಕ್ಕಿರೊಟ್ಟಿ ತಟ್ಟಿ, ಕಾವೇರಿಯಲ್ಲಿ ಮಿಂದು, ಮೈಸೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಿದ್ದರು. ಅವರಲ್ಲೊಬ್ಬಳು ಮರುದಿನ ಮೊಮ್ಮಗನಿಗೆ ಊಟದ ಡಬ್ಬಿ ಕೊಡಲು ಶಾಲೆಗೆ ಬಂದಿದ್ದಳು. ಹುಕ್ಕೇರಿಯವರು ಅಜ್ಜಿಯರನ್ನು ಕಟ್ಟು ಸಮೇತ ವಾಪಸು ಕಳಿಸಿದರು.

“ಅಕ್ಕೋರ, ಈ ಸಲಾನೂ ಹಂಗ ಆತಂದ್ರ ನಮ್ಮ ಸಾಲಿ ಕಾಗದ ಮುಟ್ಟೂದಿಲ್ಲ ಅಂದಾರ್ರಿ,” ಎಂದರು ಮುಖ್ಯೋಪಾಧ್ಯಾಯರು. “ವರ್ಗದಾಗ ಪೋಸ್ಟರ್ ಹಚ್ರಿ. ದಿನಾ ನೋಡಿ ನೋಡಿ ಬುದ್ಧಿ ಬರಲಿ.”

ನನಗೂ ಈ ಸಲ ಕಟ್ಟು ವಾಪಸು ಬರುವುದು ಬೇಕಿರಲಿಲ್ಲ. ಅದಕ್ಕೆ ಕಾರಣ ಹತ್ತನೆಯ ತರಗತಿಯ ಕೃಪಾ. ಇಡೀ ಶಾಲೆಯಲ್ಲಿ ಸ್ವಂತ ತಲೆಯಿಂದ ಬರೆಯುವ ಹುಡುಗಿ ಅವಳೊಬ್ಬಳೇ. ಗೆದ್ದವರಿಗೆ ಧಾರವಾಡದಲ್ಲಿ ಮಕ್ಕಳ ಬರವಣಿಗೆ ಶಿಬಿರವಿತ್ತು. ಟ್ರ್ಯಾಕ್ಟರ್ ಓಡಿಸುವ ಅವಳ ಅಪ್ಪ ಶಂಕ್ರೆಪ್ಪ ಮೊದಲೇ ಹೇಳಿಬಿಟ್ಟಿದ್ದ: “ಗೆದ್ರ ಧಾರವಾಡಕ್ಕ ಹೋಗವಾ. ಸೋತ್ರ ಆ ಬರಿಯೂ ಹುಚ್ಚ ಬಿಟ್ಟ ಸುಮ್ನ ಹೊಲಿಗಿ ಕ್ಲಾಸಿಗೆ ಹೋಗು.” ಆ ಹುಡುಗಿ ಆಗಲೇ ಶಿಬಿರಕ್ಕೆ ಯಾವ ಚೀಲ ಒಯ್ಯಬೇಕೆಂದು ನನ್ನನ್ನು ಕೇಳಿಯಾಗಿತ್ತು.

ಅಂದೇ ಪೋಸ್ಟರಿನ ಮಾತುಗಳನ್ನು ಬರೆದೆ. ‘ನಕಲು ಮಾಡಬೇಡಿ, ಸ್ವಂತ ಬರೆಯಿರಿ’ ಎಂಬುದು ಮೊದಲನೆಯದು. ಎರಡನೆಯದು ನನ್ನ ಹೆಮ್ಮೆಯ ವಾಕ್ಯ: ‘ಬೇರೆಯವರ ಬರಹದಿಂದ ಏನನ್ನಾದರೂ ತೆಗೆದುಕೊಂಡಿದ್ದರೆ, ಕೆಳಗೆ ಕೃಪೆ ಎಂದು ಬರೆದು, ಅದರ ಮುಂದೆ ಮೂಲ ಲೇಖಕರ ಹೆಸರನ್ನು ತಪ್ಪದೆ ನಮೂದಿಸಿ.’ ಪತ್ರಿಕೆಗಳಲ್ಲಿ ಚಿತ್ರದ ಕೆಳಗೆ ‘ಕೃಪೆ’ ಎಂದು ಹಾಕುವುದಿಲ್ಲವೇ, ಹಾಗೆ.

ಗೋಕಾಕಿನ ಫ್ಲೆಕ್ಸ್ ಅಂಗಡಿಗೆ ಗಂಡನನ್ನೂ ಕರೆದುಕೊಂಡು ಹೋದೆ. ಚೌಕಾಸಿಯಲ್ಲಿ ಅವರ ಪಾತ್ರ ದೊಡ್ಡದು. ನಾನು ದರ ಕೇಳಿ ಎದ್ದು ನಿಂತಾಗ ಅವರೂ ಎದ್ದು ನಿಲ್ಲಬೇಕು. ಅಷ್ಟೇ.

ಅಂಗಡಿಯವನು ಚದರಡಿ ಲೆಕ್ಕದಲ್ಲಿ ದರ ಹೇಳಿದ. ನಾನು ಎದ್ದು ನಿಂತೆ. ಗಂಡ ಮೊಬೈಲ್ ನೋಡುತ್ತ ಕೂತೇ ಇದ್ದರು. ಆಟ ಕೆಟ್ಟಿತು. ಇನ್ನುಳಿದದ್ದು ಒಂದೇ ದಾರಿ: ಅಡಿ ಕಡಿಮೆ ಮಾಡುವುದು. ಅಡಿ ಕಡಿಮೆಯಾಗಬೇಕಾದರೆ ಮಾತು ಕಡಿಮೆಯಾಗಬೇಕು. ಪೆನ್ನು ತೆಗೆದು ‘ಏನನ್ನಾದರೂ’ ಹೊಡೆದೆ. ‘ತಪ್ಪದೆ’ ಹೊಡೆದೆ. ಕಡೆಗೆ ಮೂಲ ಲೇಖಕರನ್ನೂ ಹೊಡೆದುಹಾಕಿದೆ.

“ಅಕ್ಕೋರ, ಹಿಂಗ ಕಡಕೋತ ಹೋದ್ರ ಅರ್ಥ ಉಳೀತೈತೇನ್ರಿ?” ಎಂದ ಅಂಗಡಿಯವನು.

“ಅರ್ಥ ನಾ ನೋಡ್ಕೋತೇನಿ. ನೀ ರೇಟ್ ನೋಡ್ಕೊ.”

“ಮನ್ಯಾಗೂ ಹಿಂಗ ಮಾತು ಕಡಿತಿದ್ರ ಎಷ್ಟ ಚಲೋ ಇತ್ತು,” ಎಂದರು ಗಂಡ, ಮೊಬೈಲಿನಿಂದ ತಲೆ ಎತ್ತದೆ.

ಎರಡು ದಿನದ ನಂತರ ಪೋಸ್ಟರು ಕೈಗೆ ಬಂತು. ಸುತ್ತಲೂ ಯಾರದೋ ಹುಟ್ಟುಹಬ್ಬದ ಬ್ಯಾನರಿನಿಂದ ಉಳಿದ ಹೂಮಾಲೆ, ನಡುವೆ ದಪ್ಪ ಅಕ್ಷರದಲ್ಲಿ: ‘ಬೇರೆಯವರಿಂದ ತೆಗೆದುಕೊಂಡರೆ ಕೆಳಗೆ ಕೃಪಾ ಎಂದು ಬರೆಯಿರಿ.’

ನಾನು ಬರೆದದ್ದು ‘ಕೃಪೆ’. ಅವನು ಅಚ್ಚು ಹಾಕಿದ್ದು ‘ಕೃಪಾ’. ಕೇಳಿದರೆ, “ಟ್ರ್ಯಾಕ್ಟರ್ ಟ್ರ್ಯಾಲಿ ಮ್ಯಾಲ ಎಲ್ಲಾ ‘ಗುರುಕೃಪಾ’, ‘ಮಾತೃಕೃಪಾ’ ಅಂತನ ಬರೀತೇನ್ರಿ. ಕೈಗೆ ಹಂಗ ರೂಢಿ ಆಗೇತಿ. ತಿದ್ದಿ ಕೊಡ್ಲೇನ್ರಿ?” ಎಂದ.

ಇಲ್ಲಿ ಓದುಗರು ಗಮನಿಸಬೇಕು. ಮಾಲಿನಲ್ಲಿ ದೋಷ ಕಂಡರೆ ದಡ್ಡ ಗಿರಾಕಿ ದೋಷ ತಿದ್ದಿಸುತ್ತಾನೆ, ಜಾಣ ಗಿರಾಕಿ ದರ ಇಳಿಸುತ್ತಾನೆ. ನಾನು ದರ ಇಳಿಸಿದೆ. ಒಂದಕ್ಷರದ ತಪ್ಪಿಗೆ ಇನ್ನೂ ಒಂದು ಪೋಸ್ಟರನ್ನು ಪುಕ್ಕಟೆ ಹಾಕಿಸಿಕೊಂಡೆ. ಅದರಲ್ಲೂ ಅದೇ ತಪ್ಪು. ಮುಂದೊಂದು ಹಿಂದೊಂದು, ಎರಡೂ ಗೋಡೆಗೆ ತೂಗುಹಾಕಿಸಿ, ವಾರವಿಡೀ ಮಕ್ಕಳಿಂದ ಗಟ್ಟಿಯಾಗಿ ಓದಿಸಿದೆ.

ಈ ವರ್ಷದ ವಿಷಯ ‘ನಮ್ಮ ಮನೆಯ ಪ್ರಾಣಿ’. ಮಕ್ಕಳು ಮನೆಯಲ್ಲಿ ಬರೆದು ತಂದ ಕಾಗದಗಳನ್ನು ಮೇಜಿನ ಮೇಲೆ ಇಟ್ಟರು. ಎಲ್ಲಕ್ಕೂ ಮೇಲಿದ್ದದ್ದು ಕೃಪಾಳದು. ಅವರ ಮನೆಯಲ್ಲಿ ಅವ್ವ ಹಿಂಡಿದರೆ ಮಾತ್ರ ಹಾಲು ಕೊಡುವ ಎಮ್ಮೆಯೊಂದಿದೆ. ಅವ್ವ ತವರಿಗೆ ಹೋದಾಗ ಎಮ್ಮೆ ಅಪ್ಪನನ್ನು ಒದ್ದು ಕೆಡವಿದ್ದು, ಕೊನೆಗೆ ಅಪ್ಪ ಅವ್ವನ ಹಸಿರು ಸೀರೆ ಉಟ್ಟು, ಸೆರಗು ಹೊದ್ದು, ಬಾಗಿಲು ಹಾಕಿಕೊಂಡು ಹಾಲು ಹಿಂಡಿದ್ದು ಅದರಲ್ಲಿತ್ತು. ಓದಿ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಕೊನೆಯಲ್ಲಿ ಅಚ್ಚುಕಟ್ಟಾಗಿ ಸಹಿ ಮಾಡಿದ್ದಳು: ಕೃಪಾ.

ಮೇಲಿನ ಬದನೆಕಾಯಿ ನೋಡಿ ಬುಟ್ಟಿ ಕೊಳ್ಳಬೇಡಿ ಎಂದು ಊರಿಗೆಲ್ಲ ಬುದ್ಧಿ ಹೇಳುವವಳು ನಾನು. ಅಂದು ಮೇಲಿನದೊಂದನ್ನೇ ಓದಿ ಇಡೀ ಬುಟ್ಟಿಯನ್ನು ಹುಕ್ಕೇರಿಗೆ ಕಳಿಸಿಬಿಟ್ಟೆ.

ನಾಲ್ಕು ದಿನಕ್ಕೆ ಅಲ್ಲಿಂದ ಫೋನು. ತೀರ್ಪುಗಾರರು ಸಂಕೇಶ್ವರದ ನಿವೃತ್ತ ಶಿಕ್ಷಕಿ, ದನಿಯಲ್ಲೇ ಬೆತ್ತವಿತ್ತು.

“ನಿಮ್ಮ ಸಾಲ್ಯಾಗ ಕೃಪಾ ಅನ್ನೂ ಹುಡಗಿ ಅದಾಳೇನ್ರಿ?”

“ಅದಾಳ್ರಿ. ಭಾಳ ಶಾಣ್ಯಾ ಹುಡಗಿ.”

“ಗೊತ್ತಾತು ಬಿಡ್ರಿ. ಎಲ್ಲಾರದೂ ಈಕೀನ ಬರದ ಕೊಟ್ಟಾಳ. ಮ್ಯಾಲ ಅವರವರ ಹೆಸರ ಇದ್ರೂ ಎಲ್ಲಾರ ಕಾಗದದ ಬುಡಕ ‘ಕೃಪಾ’ ಅಂತ ಐತಿ. ಎಲ್ಲಾರ ಮನ್ಯಾಗೂ ಟಾಮಿ ಅನ್ನೂ ಒಂದ ನಾಯಿ ಐತಿ. ಮೊದಲ ಈಕೀದ ತಗದ ಹಾಕೇವಿ.”

ತರಗತಿಗೆ ಓಡಿದೆ. “ಯಾಕ್ರೋ, ಕೆಳಗ ಕೃಪಾ ಅಂತ ಯಾಕ ಬರದ್ರಿ?”

ಎಲ್ಲರೂ ಗೋಡೆ ತೋರಿಸಿದರು. ಮುಂದಿನ ಸಾಲಿನ ಮಲ್ಲು ಎದ್ದು ನಿಂತ. “ಮೊಬೈಲ್ ನೋಡಿ ಬರದೇವ್ರಿ ಅಕ್ಕೋರ. ಅದಕ್ಕ ಆಕೀ ಹೆಸರ ಯಾಕ ಬರೀಬೇಕಂತ ನಮಗೂ ತಿಳೀಲಿಲ್ರಿ. ನೀವ ಹೇಳೀರಿ ಅಂತ ಬರದೇವಿ.”

ಕದ್ದದ್ದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ತರಗತಿ ಈ ತಾಲ್ಲೂಕಿನಲ್ಲಿ ಇನ್ನೊಂದಿರಲಾರದು. ನನ್ನ ಪೋಸ್ಟರು ನೂರಕ್ಕೆ ನೂರು ಕೆಲಸ ಮಾಡಿತ್ತು. ಹಿಂದಿನ ಬೆಂಚಿನಲ್ಲಿ ಕೃಪಾ ಮಾತ್ರ ತಲೆ ಬಗ್ಗಿಸಿ ಅಳುತ್ತಿದ್ದಳು.

ಅಷ್ಟರಲ್ಲಿ ಸುದ್ದಿ ಊರು ಮುಟ್ಟಿ ಶಂಕ್ರೆಪ್ಪ ಟ್ರ್ಯಾಕ್ಟರ್ ಸಮೇತ ಬಂದ. “ನನ್ನ ಮಗಳ ಹೆಸರ ಗಂಡ ಹುಡುಗೂರು ಕಾಗದದಾಗ ಯಾಕ ಬರೀಬೇಕ್ರಿ? ಬರಸಿದವರು ಯಾರು?”

“ನಾನ ಬರಸೇನ್ರಿ,” ಎಂದೆ. ಪೋಸ್ಟರು ತೋರಿಸಿದೆ. ಅವನು ಅಕ್ಷರ ಕೂಡಿಸಿ ಓದಿದ. “ನಮ್ಮ ಟ್ರ್ಯಾಲಿ ಮ್ಯಾಲೂ ಹಿಂಗ ಐತ್ರಿ,” ಎಂದ. ಸಿಟ್ಟು ಸ್ವಲ್ಪ ಇಳಿಯಿತು. ಮಗಳ ಮುಖ ನೋಡಿ ಪೂರ್ತಿ ಇಳಿಯಿತು. “ನಡೀರಿ, ಹುಕ್ಕೇರಿಗೆ ನಾನೂ ಬರ್ತೇನಿ.”

ಹುಕ್ಕೇರಿಯಲ್ಲಿ, ಫೋನು ಮಾಡಿದ್ದ ಆ ಶಿಕ್ಷಕಿ ಬಾಯಾರು ಕನ್ನಡಕದ ಮೇಲಿಂದ ನನ್ನನ್ನೂ ಅಪ್ಪ ಮಗಳನ್ನೂ ನೋಡಿದರು. ನಾನು ಇಡೀ ಪೋಸ್ಟರ್ ಪುರಾಣ ಹೇಳಿ, ಮೊಬೈಲಿನಲ್ಲಿದ್ದ ಅದರ ಫೋಟೋ ತೋರಿಸಿದೆ. ಸಾಕ್ಷಿ ಸಮೇತ ವಾದಿಸಬೇಕು ಎಂಬುದು ನನ್ನ ಇನ್ನೊಂದು ಸಿದ್ಧಾಂತ.

ಅವರು ನಿಧಾನವಾಗಿ ಓದಿದರು. “ಅಂದ್ರ ನಿಮ್ಮ ಸಾಲ್ಯಾಗ ಬುಡಕ ಕೃಪಾ ಅಂತ ಇದ್ರ ನಕಲು ಅಂತ ಅರ್ಥ.”

“ಹೌದ್ರಿ.”

“ಈ ಹುಡಗೀ ಕಾಗದದ ಬುಡಕೂ ಕೃಪಾ ಅಂತ ಐತಿ.”

“ಅದು ಆಕೀ ಹೆಸರ್ರಿ.”

“ಹಂಗಂತ ಎಲ್ಲಿ ಬರದೈತಿ?”

ಎಲ್ಲಿಯೂ ಬರೆದಿರಲಿಲ್ಲ. ಎಲ್ಲರಿಗೂ ಬರೆದುಕೊಟ್ಟವಳು ಎಂಬ ಆರೋಪದಿಂದ ಹುಡುಗಿಯನ್ನು ಬಿಡಿಸಿ, ನನ್ನ ಕೈಯಾರೆ ಕಳ್ಳರ ಸಾಲಿನಲ್ಲಿ ಕೂರಿಸಿದ್ದೆ. ಕೃಪಾ ನನ್ನನ್ನು ನೋಡಿದ ರೀತಿಗೆ, ನಾನು ಆ ಕ್ಷಣಕ್ಕೆ ಯಾವ ದರಕ್ಕಾದರೂ ನನ್ನನ್ನೇ ಮಾರಿಬಿಡುತ್ತಿದ್ದೆ. ಕೊಳ್ಳುವವರಿರಲಿಲ್ಲ.

“ಇಂಥಾ ಕಥಿ ಹುಡುಗೂರಿಗೆ ಹೊಳೀತೈತೇನ್ರಿ? ಕೇಳ್ರಿ,” ಎಂದು ಬಾಯಾರು ಗಟ್ಟಿಯಾಗಿ ಓದತೊಡಗಿದರು. ಮಗಳು ಏನು ಬರೆದಿದ್ದಾಳೆಂದು ಶಂಕ್ರೆಪ್ಪನಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಎಮ್ಮೆ ಒದ್ದಲ್ಲಿ ಮುಗುಳ್ನಕ್ಕ. ಹಸಿರು ಸೀರೆ ಬಂದಾಗ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸೆರಗು ಹೊದೆಯುವಷ್ಟರಲ್ಲಿ ಎದ್ದು ನಿಂತ.

“ಬಾಯಾರ, ಮುಂದ ಓದಬ್ಯಾಡ್ರಿ.”

“ಯಾಕ?”

ಅವನು ಮಗಳನ್ನು ನೋಡಿದ. ಕಿಟಕಿಯನ್ನು ನೋಡಿದ. “ಖರೆ ಐತ್ರಿ,” ಎಂದ, ಮೆಲ್ಲಗೆ.

“ಯಾವುದು?”

“ಸೀರಿ.”

ಕೋಣೆಯಲ್ಲಿ ಯಾರೂ ನಗಲಿಲ್ಲ. ನಗದೇ ಇರಲು ಬಾಯಾರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಕೃಪಾಳ ಕಡೆ ತಿರುಗಿದರು. “ಬರಿಯೂದು ಯಾರ ಕಲಿಸಿಕೊಟ್ರವಾ? ನಿಮ್ಮ ಅಕ್ಕೋರು ತಿದ್ದಿ ಕೊಟ್ಟಾರೇನು?”

ನಾನು ಸೆರಗು ಸರಿಮಾಡಿಕೊಂಡು, ವಿನಯದ ನಗೆಯೊಂದನ್ನು ಸಿದ್ಧಮಾಡಿಟ್ಟುಕೊಂಡೆ.

“ಇಲ್ರಿ. ಯಾರೂ ಕಲಿಸಿಲ್ರಿ. ನಾನ ಬರದೇನ್ರಿ.”

“ಹಂಗಾದ್ರ ಸ್ಪರ್ಧೆಗೆ ತಗೋತೇವಿ. ಆದ್ರ ಅಕ್ಕೋರ, ಇದರಾಗ ನಿಮ್ಮ ಕೈ ಇಲ್ಲಂತ ಬರದ ಕೊಡಬೇಕಾಗ್ತೈತಿ.”

“‘ಸ್ವಲ್ಪ ಮಾರ್ಗದರ್ಶನ ಮಾಡಿದ್ದೇನೆ’ ಅಂತ ಬರೀಲೇನ್ರಿ?”

“ಸ್ವಲ್ಪ ಅಂದ್ರ ತಗೊಳ್ಳಾಕ ಬರೂದಿಲ್ಲ.”

“ವ್ಯಾಕರಣ ಅಷ್ಟರ?”

“ವ್ಯಾಕರಣಾನೂ ಬ್ಯಾಡ್ರಿ.”

ಎದ್ದು ನಿಂತೆ. ಯಾರೂ ಕರೆಯಲಿಲ್ಲ. ಮತ್ತೆ ಕೂತೆ.

ಕೃಪಾ ಮುಂದಿನ ತಿಂಗಳು ಧಾರವಾಡಕ್ಕೆ ಹೋಗಿಬಂದಳು. ಹುಕ್ಕೇರಿಯ ಕಡತದಲ್ಲಿ ನನ್ನ ಬರಹವೊಂದು ಇಂದಿಗೂ ಇದೆ: ‘ಈ ವಿದ್ಯಾರ್ಥಿನಿಗೆ ನಾನು ಬರವಣಿಗೆಯಲ್ಲಿ ಏನನ್ನೂ ಕಲಿಸಿರುವುದಿಲ್ಲ ಎಂದು ಈ ಮೂಲಕ ದೃಢೀಕರಿಸುತ್ತೇನೆ.’ ಕೆಳಗೆ ನನ್ನ ಪೂರ್ಣ ಹೆಸರು, ವಿದ್ಯಾರ್ಹತೆ, ಸಹಿ. ಅದು ಮಾತ್ರ ನಾನು ಎಲ್ಲಿಂದಲೂ ನಕಲು ಮಾಡಿದ್ದಲ್ಲ.