ಓದುವ ಹುಡುಗಿಯ ಕೂಸಿಗೊಂದು ಕುಲಾವಿ

ಪುಕ್ಕಟೆ ಸಿಗುವುದನ್ನು ಬೇಡ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳುತ್ತೇನೆ, ಏಕೆಂದರೆ ಈ ಗುಣ ನನ್ನೊಬ್ಬಳದಲ್ಲ. ತರಕಾರಿ ಕೊಂಡ ಮೇಲೆ ಕೊಸರಿಗೆಂದು ಒಂದಿಷ್ಟು ಕೊತ್ತಂಬರಿ ಸೊಪ್ಪು ಹಾಕಿಸಿಕೊಳ್ಳದೆ ಚೀಲ ಎತ್ತಿದ ಹೆಂಗಸನ್ನು ನಾನಿನ್ನೂ ಶಿಡ್ಲಘಟ್ಟದಲ್ಲಿ ಕಂಡಿಲ್ಲ. ನಮ್ಮ ಅಡುಗೆಮನೆಯಲ್ಲಿ ವರ್ಷಕ್ಕೆ ಮೂರ್ನಾಲ್ಕು ಕ್ಯಾಲೆಂಡರುಗಳಾದರೂ ನೇತಾಡುತ್ತವೆ. ಸೀರೆ ಅಂಗಡಿಯದೊಂದು, ಬಂಗಾರದ ಅಂಗಡಿಯದೊಂದು, ಔಷಧಿ ಅಂಗಡಿಯದೊಂದು. ಒಂದರಲ್ಲಿ ಏಕಾದಶಿ ಇವತ್ತು ಎಂದಿದ್ದರೆ ಇನ್ನೊಂದರಲ್ಲಿ ನಾಳೆ ಎಂದಿರುತ್ತದೆ. ಹಸಿವು ನೋಡಿಕೊಂಡು ಯಾವುದೋ ಒಂದನ್ನು ನಂಬುತ್ತೇವೆ. ಇಂಥವಳಿಗೆ ಆಫೀಸಿನಲ್ಲಿ ಪಕ್ಕದ ಮೇಜಿನ ಗೆಳತಿ ಒಂದು ದಿನ, "ಫೋನಲ್ಲಿ ಇಡೀ ಕಾದಂಬರೀನೇ ಓದಿ ಹೇಳ್ತಾರೆ ಕಣೇ, ಒಂದು ಪೈಸೆ ಕೊಡಂಗಿಲ್ಲ" ಎಂದಳು. ಅವಳು ಟಿಫಿನ್ ಡಬ್ಬಿ ಮುಚ್ಚುವುದರೊಳಗೆ ಆ ಆ್ಯಪ್ ನನ್ನ ಫೋನಿನೊಳಗೆ ಬಂದು ಕೂತಿತ್ತು.

ನನಗೆ ಅದು ಬೇಕಾಗಿಯೂ ಇತ್ತು. ನಾನು ಹೆಣಿಗೆಯವಳು. ಸ್ವೆಟರು, ಮಫ್ಲರು, ಕಾಲುಚೀಲ, ಕೇಳಿದವರಿಗೂ ಕೇಳದವರಿಗೂ ಹೆಣೆದು ಕೊಡುವುದು ನನ್ನ ಹವ್ಯಾಸ. ಊರಿಗೆ ಊರೇ ರೇಷ್ಮೆ ಗೂಡಿನ ಧ್ಯಾನದಲ್ಲಿರುವಾಗ ಇವಳೊಬ್ಬಳು ಉಲ್ಲನ್ ಹುಡುಕಿಕೊಂಡು ಅಲೆಯುತ್ತಾಳೆ ಎಂದು ಅಂಗಡಿಯ ಭಾಯ್ ಕೂಡ ನಗುತ್ತಾರೆ. ಹೆಣಿಗೆಯಲ್ಲಿ ಒಂದು ತೊಂದರೆಯಿದೆ. ಎರಡು ಕೈಗೂ ಕೆಲಸ, ಕಣ್ಣಿಗೂ ಅರ್ಧ ಕೆಲಸ, ಆದರೆ ತಲೆ ಮಾತ್ರ ಖಾಲಿ. ಖಾಲಿ ತಲೆಯಲ್ಲಿ ಎಂದೋ ಯಾರೋ ಆಡಿದ ಮಾತುಗಳೆಲ್ಲ ಎದ್ದು ಬರುತ್ತವೆ. ಟೀವಿ ಹಾಕಿಕೊಂಡು ಹೆಣೆಯಬಹುದಲ್ಲ ಎನ್ನುತ್ತೀರಿ. ಧಾರಾವಾಹಿಗಳಲ್ಲಿ ಮಾತು ಎಲ್ಲಿದೆ? ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ನೋಡುತ್ತಾರೆ, ಹಿಂದೆ ಢಂ ಢಂ ಎನ್ನುತ್ತದೆ. ತಲೆಯೆತ್ತಿ ನೋಡದಿದ್ದರೆ ಯಾರು ಯಾರಿಗೆ ವಿಷ ಹಾಕಿದರು ಎಂಬುದೇ ತಿಳಿಯುವುದಿಲ್ಲ.

ಕೇಳುವ ಪುಸ್ತಕಕ್ಕೆ ಆ ಕಾಟವಿಲ್ಲ. ಆದರೆ ಅದರದ್ದೇ ಬೇರೆ ಕಾಟವಿದೆ ಎಂದು ನನಗೆ ಸ್ವಲ್ಪ ತಡವಾಗಿ ಗೊತ್ತಾಯಿತು. ಮೊದಲ ಸಲ ನಮ್ಮ ಮನೆಯವರಿಗೊಂದು ಸ್ವೆಟರು ಹಾಕುತ್ತ ಪತ್ತೇದಾರಿ ಕಾದಂಬರಿ ಕೇಳಿದೆ. ಕೊಲೆಗಾರ ಬಾಗಿಲ ಸಂದಿಯಲ್ಲಿ ನಿಂತಿದ್ದಾಗ ನಾನು ಎಡ ತೋಳಿನಲ್ಲಿದ್ದೆ. ಕೈ ನನಗೇ ಗೊತ್ತಿಲ್ಲದೆ ದಾರವನ್ನು ಎಳೆದೆಳೆದು ಬಿಗಿದಿದೆ. ಬಲ ತೋಳಿನ ಹೊತ್ತಿಗೆ ಕೊಲೆಗಾರ ಸಿಕ್ಕಿಬಿದ್ದು, ಎಲ್ಲರೂ ಕಾಫಿ ಕುಡಿಯುತ್ತ ಹಿಂದಿನದೆಲ್ಲ ವಿವರಿಸುತ್ತಿದ್ದರು. ಆ ತೋಳು ಬಲು ಸಡಿಲ. ಈಗಲೂ ನಮ್ಮ ಮನೆಯವರು ಚಳಿಗಾಲದ ಬೆಳಿಗ್ಗೆ ಎಡಗೈಯನ್ನು ತುರುಕಿಕೊಂಡು, ಬಲಗೈಯನ್ನು ಜೋಲಾಡಿಸಿಕೊಂಡು ವಾಕಿಂಗ್ ಹೋಗುತ್ತಾರೆ. ಅಂದಿನಿಂದ ನಾನು ಸಂಸಾರದ ಕಾದಂಬರಿಗಳಿಗೆ ಇಳಿದೆ.

ಇಷ್ಟರಲ್ಲಿ ನಮ್ಮ ಅತ್ತೆಗೆ ನನ್ನ ಮೇಲೆ ಬೇಸರ ಬಂದಿತ್ತು. ಸಂಜೆ ನಾನು ಆಫೀಸಿನಿಂದ ಬಂದು, ಕಾಫಿ ಕುಡಿದು, ಜಗುಲಿಯಲ್ಲಿ ಹೆಣಿಗೆ ಹಿಡಿದು ಕೂತರೆ ಅವರೂ ಬಂದು ಎದುರಿಗೆ ಕೂರುತ್ತಾರೆ. ಅವರು ಕೆಂಚಾರ್ಲಹಳ್ಳಿಯವರು. ಹುಟ್ಟು ಮಾತು ತೆಲುಗು, ಮದುವೆಯಾದ ಮೇಲಿನ ಮಾತು ಕನ್ನಡ, ಕೋಪಕ್ಕೂ ಅಕ್ಕರೆಗೂ ಮಾತ್ರ ಈಗಲೂ ತೆಲುಗೇ. ಉಲ್ಲನ್ ಉಂಡೆ ಸುತ್ತಿಕೊಡುತ್ತ ದಿನದ ವರದಿ ಒಪ್ಪಿಸುವುದು ಅವರ ರೂಢಿ. ನಾನೋ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹ್ಞೂಂ, ಹ್ಞೂಂ ಎನ್ನುತ್ತಿದ್ದೆ. ಒಂದು ದಿನ ಅವರು ಪಕ್ಕದ ಬೀದಿಯ ಯಾರೋ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಹೇಳಿದಾಗ ನಾನು ನಕ್ಕೆನಂತೆ. ಕಥೆಯಲ್ಲಿ ಏನೋ ತಮಾಷೆ ನಡೆಯುತ್ತಿತ್ತು. ಅತ್ತೆ ಉಂಡೆ ಕೆಳಗಿಟ್ಟು, "ಅದ್ಯಾರಮ್ಮ ನಿನ್ನ ಕಿವೀಲಿ ಕೂತಿರೋದು, ನನಗಿಂತ ಚೆನ್ನಾಗಿ ಮಾತಾಡೋರು?" ಎಂದರು. ನಾನು ಇಯರ್‌ಫೋನ್ ಕಿತ್ತು ಫೋನನ್ನು ಇಬ್ಬರ ನಡುವೆ ಮಣೆಯ ಮೇಲಿಟ್ಟೆ. ಹೀಗೆ ಓದುವ ಹುಡುಗಿ ನಮ್ಮ ಮನೆಗೆ ಬಂದಳು.

ಪುಕ್ಕಟೆ ಪುಸ್ತಕಗಳನ್ನು ಓದುವವರು ಯಾರೋ ಹವ್ಯಾಸಿಗಳು. ತಮ್ಮ ಮನೆಯಲ್ಲೇ ಕೂತು, ತಮ್ಮ ಫೋನಿಗೇ ಓದಿ ಹಾಕುತ್ತಾರೆ. ಹಾಗಾಗಿ ಕಥೆಯ ಜೊತೆ ಅವರ ಮನೆಯೂ ಬರುತ್ತದೆ. ನಾಯಕಿ ತೋಟದಲ್ಲಿ ಒಬ್ಬಳೇ ನಿಟ್ಟುಸಿರು ಬಿಡುತ್ತಿದ್ದರೆ ಹಿಂದೆ ಕುಕ್ಕರ್ ಕೂಗುತ್ತದೆ, ಸೊಪ್ಪಿನವಳು ಬೀದಿಯಲ್ಲಿ ಹಾದುಹೋಗುತ್ತಾಳೆ. ನಾವು ಕೇಳುತ್ತಿದ್ದ ಕಾದಂಬರಿ ದೊಡ್ಡದು, ಅಣ್ಣತಮ್ಮಂದಿರ ಆಸ್ತಿ ಜಗಳದ್ದು. ಓದುವವಳ ಹೆಸರು ಎಲ್ಲೂ ಇರಲಿಲ್ಲ. ಅತ್ತೆ ಕಥೆಯ ಅಣ್ಣತಮ್ಮಂದಿರನ್ನು ಮೊದಲ ಅಧ್ಯಾಯದಲ್ಲೇ ಕೈಬಿಟ್ಟರು. ಮೂರು ಗಂಡುಮಕ್ಕಳ ತಾಯಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಅವರು ಕಿವಿಗೊಟ್ಟದ್ದು ಓದುವವಳಿಗೆ. ಎರಡು ಅಧ್ಯಾಯ ಆದ ಮೇಲೆ, "ಆಯಮ್ಮ ಸರಿಯಾಗಿ ನಿದ್ದೆ ಮಾಡ್ತಿಲ್ಲ" ಎಂದರು. ಇನ್ನೊಂದು ಅಧ್ಯಾಯದಲ್ಲಿ ಓದು ವಾಕ್ಯದ ನಡುವೆ ನಿಂತು, ಆಮೇಲೆ ಮುಖ ತೊಳೆದು ಬಂದವರ ದನಿಯಲ್ಲಿ ಮುಂದುವರಿಯಿತು. ಮತ್ತೊಂದರಲ್ಲಿ ಅವಳು ಏನನ್ನೋ ಚೀಪುತ್ತ ಓದುತ್ತಿದ್ದಳು. ಅತ್ತೆ ಉಂಡೆ ಸುತ್ತುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಬಸುರಿ ಕಣಮ್ಮ ಇವಳು."

"ಅತ್ತೆ, ನೆಗಡಿ ಇರಬೌದು, ಪೆಪ್ಪರ್‌ಮಿಂಟ್ ಬಾಯಿಗೆ ಹಾಕ್ಕೊಂಡಿರ್ತಾಳೆ."

"ನೆಗಡಿಗೆ ಉಸಿರು ಮೂಗಲ್ಲಿ ಸಿಗಾಕ್ಕಳತ್ತೆ. ಇವಳಿಗೆ ಎದೇಲಿ ಸಿಗಾಕ್ಕಳ್ತಾ ಇದೆ. ಹುಣಸೆಹಣ್ಣು ಅದು, ನಾಲಿಗೆ ಸದ್ದು ಕೇಳು."

ನಾನು ನಕ್ಕುಬಿಟ್ಟೆ. ಆದರೆ ಮರುದಿನದ ಅಧ್ಯಾಯದಲ್ಲಿ ಹಿಂದೆ ದೂರದಿಂದ ಒಬ್ಬ ಹೆಂಗಸಿನ ದನಿ, "ಓದಿದ್ದು ಸಾಕು, ಎದ್ದು ಬಂದು ಊಟ ಮಾಡು" ಎಂದು ಕೇಳಿಸಿತು. ಅತ್ತೆ ತಕ್ಷಣ ತೀರ್ಪು ಕೊಟ್ಟರು. "ಅವರಮ್ಮ ಅಲ್ಲ, ಅತ್ತೆ. ಅಮ್ಮ ಆಗಿದ್ರೆ ತಟ್ಟೆ ಕೈಗೆ ತಂದು ಕೊಡ್ತಿದ್ಲು." ಉಂಡೆಗೆ ಎರಡು ಸುತ್ತು ಹಾಕಿ, "ಆದ್ರೂ ಪರವಾಗಿಲ್ಲ, ಕರೀತಾಳಲ್ಲ" ಎಂದು ಆ ಕಾಣದ ಬೀಗಿತ್ತಿಗೆ ಅರ್ಧ ಅಂಕ ಕೊಟ್ಟರು. ಅದಾದ ಮೇಲೆ ನಮ್ಮ ಮನೆಯ ಸಂಜೆಗಳೇ ಬದಲಾದವು. ಅಧ್ಯಾಯ ಉದ್ದವಾದರೆ ಅತ್ತೆ ಚಡಪಡಿಸುವರು: "ಅಷ್ಟೊತ್ತು ಕೂತ್ರೆ ಕಾಲು ಊದ್ಕೊಳತ್ತೆ, ಯಾರಾದ್ರೂ ಹೇಳಬಾರ್ದಾ ಅವಳಿಗೆ?" ಕಥೆಯಲ್ಲಿ ಸಾವು ಬಂದರೆ, ಬಸುರಿ ಬಾಯಲ್ಲಿ ಇಂಥದ್ದನ್ನು ಓದಿಸುತ್ತಾರಲ್ಲ ಎಂದು ಬರೆದವರನ್ನೇ ಬೈಯುವರು. ಒಂದು ದಿನ, "ಆ ಮಗೂಗೆ ಒಂದು ಕುಲಾವಿ ಹಾಕು" ಎಂದು ಅಪ್ಪಣೆ ಮಾಡಿದರು.

"ಎಲ್ಲಿಗೆ ಅಂತ ಕಳ್ಸೋದು ಅತ್ತೆ? ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ."

"ಮೊದ್ಲು ಹಾಕು. ಆಮೇಲೆ ನೋಡಣ."

ಅವರ ಈ ಹಟ ಎಲ್ಲಿಂದ ಬಂತು ಎಂದು ನಾನು ಹೇಳಲೇಬೇಕು. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಅತ್ತೆಗೆ ಹೆಣ್ಣುಮಕ್ಕಳಿಲ್ಲ. ಹಿರಿಸೊಸೆಯಾದ ನಾನು ಬಸಿರೆಂದು ಗೊತ್ತಾದ ತಿಂಗಳೇ ಗೌರಿಬಿದನೂರಿಗೆ ಹೋದೆ, ಹಾಗೆಯೇ ಒಬ್ಬ ಓರಗಿತ್ತಿ ಚಿಂತಾಮಣಿಗೆ ಹೋದಳು, ಇನ್ನೊಬ್ಬಳು ಮಂಡಿಕಲ್ಲಿಗೆ. ಮೂವರಿಗೂ ಒಂದೊಂದೇ ಮಗು. ಹೀಗಾಗಿ ಅತ್ತೆಯ ಪಾಲಿಗೆ ಮೊಮ್ಮಕ್ಕಳೆಲ್ಲ ಕಾಡಿಗೆ ಹಚ್ಚಿಸಿಕೊಂಡು, ಕತ್ತು ನಿಂತು, ಗುರುತು ಹಿಡಿದು ಅಳುವಷ್ಟು ದೊಡ್ಡವರಾಗಿಯೇ ತೊಟ್ಟಿಲ ಸಮೇತ ಬಂದಿಳಿದವರು. ಸೊಸೆಗೆ ಬಾಯಿ ಕೆಟ್ಟದ್ದನ್ನಾಗಲಿ, ಹಸಿ ಕೂಸಿಗೆ ಎಣ್ಣೆ ಹಚ್ಚಿ ಎರೆಯುವುದನ್ನಾಗಲಿ ಅವರು ಕಾಣಲೇ ಇಲ್ಲ. ತವರಿನ ಬಾಣಂತನದ ಸೊಗಸನ್ನು ವರ್ಷಗಟ್ಟಲೆ ಹೊಗಳಿಕೊಂಡು ತಿರುಗಿದ ನನಗೆ ಇದು ಎಂದೂ ಹೊಳೆದಿರಲಿಲ್ಲ. ಮೊದಲ ದಿನದಿಂದ ಅವರ ಕಣ್ಣೆದುರಿಗೆ, ಅಲ್ಲ, ಕಿವಿಯೆದುರಿಗೆ ನಡೆದ ಬಸಿರು ಇದೊಂದೇ. ಆ ಹುಡುಗಿ ಸುಖವಾಗಿ ಹೆತ್ತಳು ಎಂದು ಕೇಳುವುದೊಂದೇ ಅವರಿಗೆ ಬೇಕಾಗಿದ್ದದ್ದು. ನಾನು ಮರುದಿನವೇ ತಿಳಿಹಳದಿ ಉಲ್ಲನ್ ತಂದು ಕುಲಾವಿ ಶುರುಮಾಡಿದೆ.

ಕುಲಾವಿಯ ಲಾಡಿ ಹಾಕುವ ಹೊತ್ತಿಗೆ ಓದು ನಿಂತಿತು. ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತಿದ್ದಾರೆ, ಮುಂದಿನ ಅಧ್ಯಾಯವೇ ಇಲ್ಲ. ನಾನು ಹಿಂದೆ ಮುಂದೆ ಹುಡುಕಿದೆ, ಫೋನನ್ನು ಆರಿಸಿ ಹಚ್ಚಿದೆ, ಇಲ್ಲ. ಅತ್ತೆಗೆ ಗಾಬರಿಯಾಗಲಿಲ್ಲ. "ಹೆರಿಗೆಗೆ ಹೋಗಿರ್ತಾಳೆ ಬಿಡು. ಬಾಣಂತನ ಮುಗಿಸ್ಕೊಂಡು ಬರ್ಲಿ" ಎಂದರು. ಆದರೂ ದಿನಾ ಸಂಜೆ, "ನೋಡಮ್ಮ, ಬಂದಳಾ?" ಎಂದು ಕೇಳುವುದು ತಪ್ಪಲಿಲ್ಲ. ಇಲ್ಲ ಎಂದರೆ ಉಂಡೆ ಎತ್ತಿಕೊಂಡು ಮತ್ತೆ ಸುತ್ತುವರು. ದಿನ ಕಳೆದಂತೆ ಅವರ ಮಾತು ಕಡಿಮೆಯಾಯಿತು. ಬೇರೆ ಪುಸ್ತಕ ಹಾಕಿದರೆ, ಆ ಗಂಡಸಿನ ದನಿ ಬೇಡ ಎನ್ನುವರು.

ಕೊನೆಗೆ ಒಂದು ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಯವರು ಈ ಗಲಾಟೆ ಏನೆಂದು ಫೋನ್ ತೆಗೆದು ನೋಡಿದರು. ಗಂಡಸರು ಇಂಥದ್ದರಲ್ಲಿ ಬಲು ಚುರುಕು, ನೋಡಬಾರದ್ದು ಮೊದಲು ಕಣ್ಣಿಗೆ ಬೀಳುತ್ತದೆ. "ಅಮ್ಮ, ಇದೆಲ್ಲ ಓದಿ ಹಾಕಿ ಎಷ್ಟೋ ವರ್ಷ ಆಗಿದೆ, ಇಲ್ಲಿ ಕೆಳಗೇ ತಾರೀಖು ಹಾಕಿದ್ದಾರಲ್ಲ" ಎಂದು ಸಾರು ಸುರಿದುಕೊಂಡರು.

ಅತ್ತೆ ತುತ್ತು ಮುದ್ದೆಯನ್ನು ಕೈಯಲ್ಲೇ ಹಿಡಿದುಕೊಂಡು, "ಅಂದ್ರೆ ಆಗೋಗಿದೆಯಾ?" ಎಂದರು.

"ಆಗಿದ್ರೆ ಯಾವತ್ತೋ ಆಗೋಗಿರತ್ತೆ."

"ಇದೂ ಆದ್ಮೇಲೇ ಗೊತ್ತಾಯ್ತು ನಂಗೆ" ಎಂದು ಅವರು ತಟ್ಟೆಯಲ್ಲೇ ಕೈ ತೊಳೆದರು.

ನನಗೆ ಆ ಮಾತು ಸರಿಯಾಗಿ ತಾಕಿತು. ನನ್ನ ಮಗಳು ಹುಟ್ಟಿದ ಸುದ್ದಿ ಗೌರಿಬಿದನೂರಿನಿಂದ ಇವರಿಗೆ ತಲುಪಿದ್ದು ಮರುದಿನ. ಅಲ್ಲಿ ಅಷ್ಟರಲ್ಲಿ ಇಡೀ ಬೀದಿ ಸಕ್ಕರೆ ತಿಂದಿತ್ತು. ಸೊಸೆಯಾಗಿ ನಾನು ಏನೇನೋ ವಾದ ಮಾಡಿದ್ದೇನೆ, ಗೆದ್ದೂ ಇದ್ದೇನೆ. ಆದರೆ ಅವತ್ತು ಪಾತ್ರೆ ತೊಳೆಯುವಾಗ ನನಗೆ ಅಳು ಬಂತು, ಅತ್ತೆಯ ಮೇಲೆ ಪ್ರೀತಿಯೂ ಬಂತು. ಎರಡನ್ನೂ ಅವರಿಗೆ ತೋರಿಸಲು ಗೊತ್ತಾಗದೆ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ.

ಅಂದಿನಿಂದ ಬಸ್ಸಿನಲ್ಲಿ, ಆಫೀಸಿನ ಊಟದ ಹೊತ್ತಿನಲ್ಲಿ ನಾನು ಆ ದನಿಯನ್ನು ಹುಡುಕಲು ತೊಡಗಿದೆ. ಹೆಸರಿಲ್ಲದವರನ್ನು ಹುಡುಕುವುದೆಂದರೆ ಪ್ರತಿಯೊಂದನ್ನೂ ಒಂದಿಷ್ಟು ಕೇಳಿ ಬಿಡಬೇಕು. ಯಾರ್ಯಾರೋ ಓದಿದ ಪುರಾಣ, ಪ್ರವಾಸ, ಅಡುಗೆ, ಎಲ್ಲದರ ತಲೆಯನ್ನಷ್ಟೇ ಕೇಳಿ ಕೇಳಿ ನಾನು ಅರೆಬರೆ ವಿದುಷಿಯಾದೆ. ಕೊನೆಗೊಂದು ದಿನ ಚಿಕ್ಕಬಳ್ಳಾಪುರದ ಬಸ್ಸಿನಲ್ಲಿ, ಮಕ್ಕಳ ಕಥೆಗಳ ನಡುವೆ, ಸಿಕ್ಕಿತು. ಈಚೆಗೆ ಓದಿದ್ದು. ಅದೇ ದನಿ, ಈಗ ಕೊಂಚ ಗಟ್ಟಿ. ಬಸ್ಸಿನಲ್ಲಿ ಪೂರ್ತಿ ಕೇಳಬಾರದೆಂದು ಹಲ್ಲು ಕಚ್ಚಿಕೊಂಡು ಮನೆಗೆ ತಂದೆ, ಚಪ್ಪಲಿ ಬಿಡುವ ಮೊದಲೇ ಮಣೆಯ ಮೇಲಿಟ್ಟು ಹಚ್ಚಿದೆ. ನರಿ ಬಾವಿಗೆ ಇಣುಕುವ ಜಾಗಕ್ಕೆ ಬಂದಾಗ ಪಕ್ಕದಿಂದ ಒಂದು ಪುಟ್ಟ ದನಿ ತೂರಿತು: "ಅಮ್ಮ, ನರಿ ಹಂಗ್ ಮಾತಾಡಲ್ಲ, ನಾನ್ ಹೇಳ್ತೀನಿ ತಾಳು." ಓದುವ ಹುಡುಗಿ ನಕ್ಕು, ಮತ್ತೆ ಓದಿದಳು.

ಅತ್ತೆ ಅಷ್ಟನ್ನೇ ಮತ್ತೆ ಮತ್ತೆ ಹಾಕಿಸಿದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಚಲ್ಲಗಾ ಉಂಡು ತಲ್ಲೀ" ಎಂದು ಫೋನಿಗೆ ಹರಸಿದರು. ತಣ್ಣಗಿರು ತಾಯಿ ಎಂದು ಅದರ ಅರ್ಥ, ನನ್ನ ಮಗಳ ತಲೆ ಸವರುವಾಗಲೂ ಅವರು ಇದನ್ನೇ ಹೇಳುವುದು. ನಮ್ಮ ಮನೆಯವರು ಒಳಗಿನಿಂದ, "ಪಕ್ಕದ್ಮನೆ ಮಗು ಇರಬೌದಲ್ಲಮ್ಮ" ಎಂದರು.

"ಪಕ್ಕದ್ಮನೆ ಮಗು ಇವಳನ್ನ ಅಮ್ಮ ಅನ್ನತ್ತೇನೋ? ಸುಮ್ನೆ ಕೂತ್ಕಳಪ್ಪ ನೀನು." ಆಮೇಲೆ ನನ್ನ ಕಡೆ ತಿರುಗಿದರು. "ಮುಂದಿನ ಹಲ್ಲು ಬಿದ್ದಿದೆ ಕಣಮ್ಮ, ಗಾಳಿ ಹೋಗ್ತಾ ಇದೆ ನೋಡು. ಎರಡನೇ ಕ್ಲಾಸೋ ಏನೋ ಇರಬೇಕು." ಎದ್ದು ಹೋಗಿ, ಬಟ್ಟೆಗಳ ನಡುವೆ ಮಡಿಸಿಟ್ಟಿದ್ದ ಹಳದಿ ಕುಲಾವಿ ತಂದು ಅಂಗೈ ಮೇಲಿಟ್ಟುಕೊಂಡರು. ಅದು ಅವರ ಅಂಗೈಯನ್ನೂ ತುಂಬುತ್ತಿರಲಿಲ್ಲ. "ಇದು ಆ ಮಗೂಗೆ ಎಲ್ಲಿ ಹಿಡಿಯತ್ತೆ?" ಎಂದು ಕೊನೆಯ ಗಂಟು ಹುಡುಕಿ, ಬಿಚ್ಚಿ, ಎಳೆಯತೊಡಗಿದರು. ಅಷ್ಟು ಚೆಂದಕ್ಕೆ ಬಂದಿದ್ದ ಸಾಲುಗಳು ಒಂದೊಂದಾಗಿ ಬಿಚ್ಚಿಕೊಂಡು ಉಂಡೆಯಾದವು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು, ನೀನಾದರೂ ಹೇಳು ಎಂಬಂತೆ ನನ್ನನ್ನು ನೋಡಿದರು. ಮನೆಯಲ್ಲಿ ಓದಿದವಳು, ಕೈಯಲ್ಲಿ ಸರ್ಕಾರಿ ಕೆಲಸವಿರುವವಳು ನಾನು. ವಿಳಾಸವಿಲ್ಲ, ಹೆಸರಿಲ್ಲ, ಆ ಮಗು ಯಾವ ಊರಿನ ಯಾವ ಬೀದಿಯಲ್ಲಿದೆಯೋ ದೇವರೇ ಬಲ್ಲ, ಬುದ್ಧಿ ಇದ್ದವರು ಯಾರಾದರೂ ಇಂಥ ಕೆಲಸ ಮಾಡುತ್ತಾರೆಯೇ ಎಂದು ತಿಳಿಹೇಳಲು ನಾನು ಗಂಟಲು ಸರಿಮಾಡಿಕೊಂಡೆ.

"ಅತ್ತೆ, ಈ ಉಲ್ಲನ್ ಸಾಲಲ್ಲ, ನಾಳೆ ಇನ್ನಷ್ಟು ತರ್ತೀನಿ" ಎಂದೆ. "ಆ ವಯಸ್ಸಿನ ಮಕ್ಕಳಿಗೆ ಸ್ವೆಟರಲ್ಲಿ ಜೇಬು ಬೇಕೇ ಬೇಕು."